ತೊಳೆದ ಕಾರಿನ ನೀರನ್ನು ಬ್ಲೋವರ್‌ನಿಂದ ಇಳಿಸುವುದು: ನಾನು ಮಾಡುವ ಕ್ರಮ

ಹೊಸದಾಗಿ ಬ್ಲೋವರ್ ಹಿಡಿದವರು ಮಾಡುವ ಮೊದಲ ತಪ್ಪು, ಒಂದೇ ಜಾಗಕ್ಕೆ ಗಾಳಿ ಬಿಟ್ಟು ನೀರು ಆರುವವರೆಗೆ ಕಾಯುವುದು. ಆರಿದ ನೀರು ತನ್ನಲ್ಲಿದ್ದ ಸುಣ್ಣವನ್ನೆಲ್ಲ ಪೇಂಟ್ ಮೇಲೆ ಬಿಟ್ಟು ಹೋಗುತ್ತದೆ. ನೀರು ಇನ್ನೂ ಹನಿಯಾಗಿರುವಾಗಲೇ ಅದನ್ನು ಅಂಚಿನತ್ತ ಓಡಿಸಿ ನೆಲಕ್ಕೆ ಬೀಳಿಸಬೇಕು. ನಾನು ಅನುಸರಿಸುವ ಕ್ರಮವೆಲ್ಲ ಈ ಒಂದು ಮಾತಿಗೆ ಕಟ್ಟುಬಿದ್ದದ್ದು.

ನಮ್ಮದು ಬೋರ್‌ವೆಲ್ ನೀರು. ಟಿಡಿಎಸ್ ಮೀಟರ್ ಅದ್ದಿದರೆ 800ರ ಆಸುಪಾಸು ತೋರಿಸುತ್ತದೆ, ಅಂದರೆ ಲೀಟರಿಗೆ 800 ಮಿಲಿಗ್ರಾಂ ಕರಗಿದ ಲವಣ. ತೊಳೆದ ಮೇಲೆ ಕಾರಿನ ಮೈಮೇಲೆ ಅರ್ಧ ಲೀಟರ್ ನೀರು ಉಳಿದು ಅಲ್ಲೇ ಆರಿತು ಅಂದುಕೊಳ್ಳಿ, 400 ಮಿಲಿಗ್ರಾಂ ಬಿಳಿ ಪುಡಿ ಪೇಂಟ್ ಮೇಲೆ ಕೂತಂತೆ. ಅದು ಸಮನಾಗಿಯೂ ಕೂರುವುದಿಲ್ಲ. ಹನಿ ಆರುವಾಗ ಲವಣ ಅಂಚಿಗೆ ಹೋಗಿ ಸೇರುತ್ತದೆ. ಚೆಲ್ಲಿದ ಕಾಫಿಯ ಹನಿ ಮೇಜಿನ ಮೇಲೆ ಆರಿದಾಗ ಸುತ್ತ ಗಾಢ ಗೆರೆ ಉಳಿಯುತ್ತದಲ್ಲ, ಕಪ್ಪು ಕಾರಿನ ಮೇಲೆ ಕಾಣುವ ಬಿಳಿ ಉಂಗುರಗಳೂ ಹಾಗೇ ಆದವು. ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ ಶಾಂಪೂವಿಗೂ ಹೋಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ನಿರ್ಧಾರ ಸರಿಯಾದದ್ದೇ. ಆದರೆ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರಿನಲ್ಲಿ ಕಾರು ತೊಳೆಯುವವರು ಒಂದು ವಿಷಯ ತಿಳಿದಿರಬೇಕು: ಸಾಮಾನ್ಯ ಸಂಸ್ಕರಣೆಯಲ್ಲಿ ಕೊಳೆ ಹೋಗುತ್ತದೆ, ಕರಗಿದ ಲವಣ ಹೋಗುವುದಿಲ್ಲ. ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರಂತೂ ಮೂಲ ನೀರಿಗಿಂತಲೂ ಗಡಸು. ಅದನ್ನು ಮೊದಲ ಸಲ ಮಣ್ಣು ಇಳಿಸಲು ಧಾರಾಳವಾಗಿ ಬಳಸಿ, ಕೊನೆಯ ಸಲಕ್ಕೆ ಬೇಡ. ಕೊನೆಯ ಸಲಕ್ಕೆ ನಾನು ಮಳೆನೀರಿನ ತೊಟ್ಟಿಯಿಂದ 5 ಲೀಟರ್ ತೆಗೆದಿಟ್ಟುಕೊಳ್ಳುತ್ತೇನೆ. ಬೇಸಗೆಯಲ್ಲಿ ತೊಟ್ಟಿ ಬತ್ತಿದಾಗ ಆರ್‌ಒ ಶುದ್ಧ ನೀರು. ಗಿಡಕ್ಕೆ ಔಷಧಿ ಹೊಡೆಯುವಂಥ, ಒತ್ತಿ ಗಾಳಿ ತುಂಬುವ ಹೊಸ ಸ್ಪ್ರೇಯರಿನಲ್ಲಿ ತುಂಬಿಕೊಂಡರೆ ಇಡೀ ಹ್ಯಾಚ್‌ಬ್ಯಾಕ್‌ಗೆ ಅಷ್ಟು ಸಾಕು. ಔಷಧಿ ಹೊಡೆದ ಹಳೆಯ ಸ್ಪ್ರೇಯರ್ ಬೇಡ.

ಇನ್ನು ಯಂತ್ರ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ, ಕಂಪ್ಯೂಟರ್ ಧೂಳು ತೆಗೆಯಲು ಬಳಸುವ 600 ವ್ಯಾಟ್‌ನ ಕೈ ಬ್ಲೋವರ್ ನನ್ನದು. ವೇಗ ಹೆಚ್ಚು-ಕಡಿಮೆ ಮಾಡುವ ಗುಂಡಿ ಇರುವುದನ್ನೇ ಕೊಳ್ಳಿ, ಕನ್ನಡಿಯ ಸಂದಿಗೆ ಪೂರ್ತಿ ವೇಗ ಬೇಡ. ಕಾರಿಗೆಂದೇ ಬರುವ ಎರಡು ಮೋಟಾರಿನ, ಉದ್ದ ಪೈಪಿನ ಯಂತ್ರಗಳು ದಿನಕ್ಕೆ ನಾಲ್ಕೈದು ಗಾಡಿ ತೊಳೆಯುವವರಿಗೆ ಸರಿ. ಅವುಗಳಲ್ಲಿ ಗಾಳಿ ಒಳಹೋಗುವ ಬಾಯಿಗೆ ಫಿಲ್ಟರ್ ಇರುತ್ತದೆ, ಗಾಳಿಯೂ ತುಸು ಬೆಚ್ಚಗಿರುತ್ತದೆ. ಬ್ಯಾಟರಿಯವು ಹಿಡಿಯಲು ಹಗುರ, ಆದರೆ ಪೂರ್ತಿ ವೇಗದಲ್ಲಿ ಓಡಿಸಿದರೆ ಕಾರು ಮುಗಿಯುವ ಮೊದಲು ಬ್ಯಾಟರಿ ಮುಗಿಯುವುದುಂಟು. ಇನ್ನೊಂದು ಬ್ಯಾಟರಿ ಲೆಕ್ಕ ಹಾಕಿಯೇ ಕೊಳ್ಳಬೇಕು.

ಕಂಪ್ರೆಸರ್ ಗಾಳಿಯನ್ನು ನಾನು ಪೇಂಟ್ ಮೇಲೆ ಬಿಡುವುದಿಲ್ಲ. ಟ್ಯಾಂಕಿನಲ್ಲಿ ನಿಂತ ನೀರು, ಪಿಸ್ಟನ್ನಿನ ಎಣ್ಣೆ ಗಾಳಿಯ ಜೊತೆಗೇ ಬರುತ್ತವೆ. ಧಾರೆ ಸೂಜಿಯಷ್ಟು ಸಣ್ಣದು, ತುದಿ ಲೋಹದ್ದು. ಹೀಟ್ ಗನ್ನಿನ ಮಾತಂತೂ ಬೇಡವೇ ಬೇಡ: ನೂರಾರು ಡಿಗ್ರಿ ಶಾಖಕ್ಕೆ ಪೇಂಟೂ ಪ್ಲಾಸ್ಟಿಕ್ಕೂ ಹಾಳಾಗುತ್ತವೆ.

ಕೈ ಬ್ಲೋವರಿಗೆ ನಾನು ಎರಡು ತಯಾರಿ ಮಾಡಿಕೊಂಡಿದ್ದೇನೆ. ಅದರ ಗಟ್ಟಿ ಪ್ಲಾಸ್ಟಿಕ್ ಮೂತಿ ಒಮ್ಮೆ ತಗುಲಿದರೂ ಗೀರು ಬೀಳುತ್ತದೆ. ಹಾಗಾಗಿ ಹಳೆಯ ಸೈಕಲ್ ಟ್ಯೂಬಿನ ನಾಲ್ಕು ಬೆರಳು ಉದ್ದದ ತುಂಡನ್ನು ಮೂತಿಗೆ ಏರಿಸಿ, ಎರಡು ಬೆರಳು ಮುಂದಕ್ಕೆ ಚಾಚಿಕೊಂಡಿರುವಂತೆ ಟೇಪ್ ಸುತ್ತಿದ್ದೇನೆ. ಎರಡನೆಯದು, ಕಾರಿಗೆ ಇಟ್ಟ ಬ್ಲೋವರಿಗೆ ಧೂಳು ಎಳೆಯುವ ಚೀಲ ಸಿಕ್ಕಿಸುವುದಿಲ್ಲ. ಒಮ್ಮೆ ಧೂಳು ಎಳೆದ ಯಂತ್ರ ಆ ಧೂಳನ್ನೇ ತೊಳೆದ ಬಾನೆಟ್ ಮೇಲೆ ಉಗಿಯುತ್ತದೆ. ಹಾಗಿದ್ದರೂ ಪ್ರತಿ ಸಲ ಕಾರಿನಿಂದ ದೂರ ತಿರುಗಿಸಿ ಅರ್ಧ ನಿಮಿಷ ಓಡಿಸಿಯೇ ಶುರು ಮಾಡುತ್ತೇನೆ.

ಕರೆಂಟಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. 600 ವ್ಯಾಟಿಗೆ 230 ವೋಲ್ಟಿನಲ್ಲಿ ಎಳೆಯುವುದು 2.6 ಆಂಪಿಯರ್, 6 ಆಂಪ್ ಪ್ಲಗ್ ಸಾಕು. 2,000 ವ್ಯಾಟ್ ದಾಟಿದ ಯಂತ್ರಕ್ಕೆ 16 ಆಂಪಿನದೇ ಬೇಕು. ನೆಲವೆಲ್ಲ ಒದ್ದೆ, ಕೈ ಒದ್ದೆ, ಹಾಗಿರುವಾಗ ಲೈನಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಿಡದೆ ಗೋಡೆಯ ಮೊಳೆಗೋ ಗೇಟಿಗೋ ಸೊಂಟದೆತ್ತರಕ್ಕೆ ತೂಗುಹಾಕಿ. ಕಾಲಿಗೆ ರಬ್ಬರ್ ಚಪ್ಪಲಿ, ಸ್ವಿಚ್ ಮುಟ್ಟುವ ಮುನ್ನ ಒಣಬಟ್ಟೆಯಲ್ಲಿ ಒರೆಸಿದ ಕೈ. ವೈರನ್ನು ಹೆಗಲ ಮೇಲೆ ಹಾಕಿಕೊಂಡರೆ ಅದು ಪೇಂಟ್ ಉಜ್ಜುವುದಿಲ್ಲ, ನೀರಿನಲ್ಲಿ ಎಳೆದಾಡುವುದೂ ಇಲ್ಲ.

ಬ್ಲೋವರ್ ಎಷ್ಟೇ ಜೋರಿರಲಿ, ಪೇಂಟ್ ಮೇಲೆ ವ್ಯಾಕ್ಸೋ ಸೀಲೆಂಟೋ ಕೋಟಿಂಗೋ ಇಲ್ಲದಿದ್ದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವಂತೆ ಕಾರಿನ ಮೇಲೂ ಉರುಳಬೇಕು. ಬರಿ ಪೇಂಟಿನ ಮೇಲೆ ನೀರು ಹಾಳೆಯಂತೆ ಹರಡಿ ಅಂಟಿಕೊಳ್ಳುತ್ತದೆ. ಗಾಳಿ ಬಿಟ್ಟರೆ ಆ ಹಾಳೆ ತೆಳುವಾಗುತ್ತಾ ಹೋಗಿ ಅಲ್ಲೇ ಆರುತ್ತದೆಯೇ ಹೊರತು ಜಾರುವುದಿಲ್ಲ. ಪರೀಕ್ಷೆ ಸುಲಭ. ಬಾನೆಟ್ ಮೇಲೆ ಒಂದು ಲೋಟ ನೀರು ಸುರಿದು ನೋಡಿ: ದುಂಡಗೆ ಹನಿಗಟ್ಟಿ ಓಡಿದರೆ ಬ್ಲೋವರ್ ತನ್ನಿ, ಮಂಕಾಗಿ ಹರಡಿದರೆ ಮೊದಲು ವ್ಯಾಕ್ಸ್ ತನ್ನಿ. ವ್ಯಾಕ್ಸ್ ಹಚ್ಚಿದ ಕಾರಿನಲ್ಲೂ ಚಾವಣಿ ಮತ್ತು ಬಾನೆಟ್ ಮೇಲಿನದು ಮೊದಲು ಸವೆಯುತ್ತದೆ, ಬಿಸಿಲು ಬೀಳುವುದು ಅಲ್ಲಿಗೇ ಹೆಚ್ಚು. ಮೂರು ತಿಂಗಳಿಗೊಮ್ಮೆ ಆ ಎರಡಕ್ಕೆ ಮಾತ್ರ ಮತ್ತೆ ಹಚ್ಚುತ್ತೇನೆ.

ತೊಳೆಯುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆರಳು, ಕೈಯಿಟ್ಟರೆ ತಣ್ಣಗಿರುವ ಬಾನೆಟ್, ಎರಡು ಬಕೆಟ್, ಕಾರಿನ ಶಾಂಪೂ. ಆದರೆ ಕೊನೆಯ ನೀರು ಹಾಯಿಸುವುದು ಒಣಗಿಸುವ ಕೆಲಸದ್ದೇ ಭಾಗ. ಪೈಪಿನ ತುದಿಯ ಗನ್ ಕಳಚಿ, ನಲ್ಲಿಯನ್ನು ಅರ್ಧ ತಿರುಗಿಸಿ, ಪೈಪಿನ ಬಾಯನ್ನು ಚಾವಣಿಗೆ ತಾಗುವಷ್ಟು ಹತ್ತಿರ ಹಿಡಿದು ನಿಧಾನ ಸರಿಸುತ್ತೇನೆ. ನೀರು ಸೀರೆಯ ಸೆರಗಿನಂತೆ ಒಂದೇ ಪದರವಾಗಿ ಇಳಿಯುತ್ತದೆ, ಇಳಿಯುವಾಗ ದಾರಿಯಲ್ಲಿದ್ದ ಹನಿಗಳನ್ನು ಸೆಳೆದುಕೊಂಡು ಹೋಗುತ್ತದೆ. ಅದರ ಬಾಲ ದಾಟಿದ ಜಾಗ ಹೆಚ್ಚುಕಡಿಮೆ ಒಣಗಿಯೇ ಕಾಣುತ್ತದೆ. ಅದೇ ಗನ್ನಿನಿಂದ ಚಿಮುಕಿಸಿದರೆ ಸಾವಿರಾರು ಸಣ್ಣ ಹನಿಗಳು ಉಳಿಯುತ್ತವೆ. ಸಣ್ಣ ಹನಿಯೇ ಬ್ಲೋವರಿನ ಶತ್ರು. ದೊಡ್ಡ ಹನಿ ಗಾಳಿಗೆ ಮೈಯೊಡ್ಡಿ ಓಡುತ್ತದೆ, ಸಾಸಿವೆ ಕಾಳಿಗಿಂತ ಚಿಕ್ಕದು ಅಂಟಿಕೊಂಡು ಕೂರುತ್ತದೆ. ಮಳೆನೀರನ್ನು ಸ್ಪ್ರೇಯರಿನಿಂದ ಹಾಯಿಸುವಾಗಲೂ ಅಷ್ಟೇ, ಮೂತಿಯನ್ನು ಮಂಜಿನಂತೆ ಹೊಡೆಯುವುದಕ್ಕೆ ತಿರುಗಿಸದೆ ಧಾರೆಗೆ ಇಟ್ಟು ಮೇಲಿನಿಂದ ಇಳಿಬಿಡಬೇಕು.

ಇದೇ ಹಂತದಲ್ಲಿ ವೈಪರ್ ಕೆಳಗಿನ ಜಾಲರಿಯಲ್ಲಿ ಸೇರಿಕೊಂಡ ಎಲೆ, ಹೂವು, ಮಣ್ಣನ್ನು ಚೆನ್ನಾಗಿ ತೊಳೆದುಬಿಡಿ. ಬಿಟ್ಟರೆ ಗಾಳಿ ಹೊಡೆದಾಗ ಆ ಕೆಸರೆಲ್ಲ ಗಾಜಿನ ಮೇಲಕ್ಕೆ ಏರುತ್ತದೆ. ಕಾರಿನ ಸುತ್ತಲಿನ ನೆಲಕ್ಕೂ ಎರಡು ಬಕೆಟ್ ಬಳಸಿದ ನೀರು ಚಿಮುಕಿಸಿ. ಒಣನೆಲದ ಧೂಳನ್ನು ಬ್ಲೋವರ್ ಎಬ್ಬಿಸಿ ಒದ್ದೆ ಪೇಂಟಿಗೆ ಅಂಟಿಸುತ್ತದೆ, ಆಮೇಲೆ ಅದರ ಮೇಲೆ ಬಟ್ಟೆ ಎಳೆದರೆ ಗೀರು. ಪೇಂಟಿನ ಮೇಲ್ಪದರವಾದ ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಹೆಚ್ಚೇನಲ್ಲ. ಮುಟ್ಟದೆ ನೀರಿಳಿಸುವ ಈ ದಾರಿ ನನಗೆ ಇಷ್ಟವಾಗಿರುವುದು ಅದಕ್ಕೇ.

ಈಗ ಗಾಳಿ. ಮೂತಿ ಪೇಂಟಿನಿಂದ ನಾಲ್ಕು ಬೆರಳಿನಿಂದ ಒಂದು ಗೇಣು ದೂರದಲ್ಲಿ, ನೀರು ಹೋಗಬೇಕಾದ ದಿಕ್ಕಿಗೆ ಓರೆಯಾಗಿ, ಸುಮಾರು 30 ಡಿಗ್ರಿಗೆ. ನೇರ ಕೆಳಕ್ಕೆ ಹಿಡಿದರೆ ಹನಿ ಸಿಡಿದು ಹತ್ತು ಪುಟ್ಟ ಹನಿಗಳಾಗುತ್ತದೆ, ಅವು ಮತ್ತೆ ಕದಲುವುದಿಲ್ಲ. ಒಂದು ಮೊಳ ದೂರ ಸಾಗಲು ಎರಡು-ಮೂರು ಸೆಕೆಂಡು. ಹೋದ ದಾರಿಯ ಅರ್ಧದ ಮೇಲೆ ಮುಂದಿನ ದಾರಿ ಬರಬೇಕು, ಅಂಗಳ ಗುಡಿಸಿದಂತೆ ನೀರಿನ ಸಾಲು ಯಾವಾಗಲೂ ಮೂತಿಯ ಮುಂದೆ ಇರಬೇಕು. ಕೈ ನಿಂತರೆ ಸಾಲು ಒಡೆಯುತ್ತದೆ.

ಶುರು ಮಾಡುವುದು ಕನ್ನಡಿಗಳಿಂದ. ಅವುಗಳ ಹೊಟ್ಟೆಯಲ್ಲಿ ನಿಂತ ನೀರು ಹೊರಬರಲು ಸಮಯ ಬೇಕು, ಅದಕ್ಕೆ ಮೊದಲೇ ಒಮ್ಮೆ ಊದಿ ಬಿಟ್ಟಿರುತ್ತೇನೆ. ನಂತರ ಚಾವಣಿ, ಮುಂದಿನಿಂದ ಹಿಂದಕ್ಕೆ. ಚಾವಣಿಯ ಎರಡೂ ಬದಿಯ ಕಪ್ಪು ರಬ್ಬರ್ ಪಟ್ಟಿಯ ಕಾಲುವೆಯಲ್ಲಿ ನೀರು ತುಂಬಿರುತ್ತದೆ, ಅದನ್ನೂ ಉದ್ದಕ್ಕೆ ಹಿಂದಕ್ಕೆ ಓಡಿಸಬೇಕು. ಈ ಕೆಲಸ ಆಗುವ ತನಕ ಬಾಗಿಲು ತೆರೆಯಬೇಡಿ, ಆ ನೀರು ನೇರ ಸೀಟಿಗೆ ಬೀಳುತ್ತದೆ. ಆಮೇಲೆ ಗಾಜುಗಳು, ವೈಪರ್ ಜಾಲರಿ, ಬಾನೆಟ್. ಬಾನೆಟ್ಟನ್ನು ನಡುವಿನಿಂದ ಎರಡೂ ಬದಿಗೆ.

ಬಾಗಿಲುಗಳಿಗಿಂತ ಮೊದಲು ಚಕ್ರ ಮಾಡಿ. ಅಲಾಯ್ ಕಡ್ಡಿಗಳ ಸಂದಿ, ನಟ್ಟಿನ ಗುಳಿಗಳಿಗೆ ಗಾಳಿ ಬಿಟ್ಟರೆ ನೀರು ನಾಲ್ಕೂ ಕಡೆ ಹಾರುತ್ತದೆ, ಬ್ರೇಕಿನ ಕಪ್ಪು ಪುಡಿಯೂ ಅದರಲ್ಲಿ ಇರುತ್ತದೆ. ಒಣಗಿದ ಬಾಗಿಲಿನ ಮೇಲೆ ಅದು ಬಿದ್ದರೆ ಕೆಲಸ ಎರಡಾಯಿತು.

ಬಾಗಿಲಿನಲ್ಲಿ ಸಮಯ ಹಿಡಿಯುವುದು ಸಂದಿಗಳು. ಕಿಟಕಿ ಗಾಜಿನ ಬುಡದ ರಬ್ಬರ್ ಬೀಡಿಂಗ್ ಉದ್ದಕ್ಕೂ ಮೂತಿಯನ್ನು ಓರೆಯಾಗಿ ಎಳೆದರೆ ಒಳಗಿದ್ದ ನೀರು ಸಾಲಾಗಿ ಎದ್ದು ಬರುತ್ತದೆ. ಮಲೆನಾಡು, ಕರಾವಳಿಯ ಕಾರುಗಳಲ್ಲಿ ಈ ಬೀಡಿಂಗಿನಲ್ಲೇ ಹಸಿರು ಪಾಚಿ ಕಟ್ಟುವುದು. ಮಳೆಗಾಲದಲ್ಲಿ ಪೇಂಟಿಗಿಂತ ಅಲ್ಲಿಗೇ ಬ್ಲೋವರ್ ಹೆಚ್ಚು ಬೇಕು. ಹಿಡಿಕೆಯ ಹಿಂದಿನ ಗುಳಿ, ಬೀಗದ ತೂತು, ಪೆಟ್ರೋಲ್ ಮುಚ್ಚಳದ ಸುತ್ತ, ಹೆಸರಿನ ಅಕ್ಷರಗಳ ನಡುವೆ, ಹಿಂದಿನ ದೀಪದ ಅಂಚು, ನಂಬರ್ ಪ್ಲೇಟಿನ ಹಿಂಭಾಗ: ಬಟ್ಟೆಗೆ ಸಿಗದ ಜಾಗಗಳಿವು. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ತುಳುಕುವ ಸದ್ದು ಬಂದರೆ ಅವು ಮಣ್ಣಿನಿಂದ ಮುಚ್ಚಿವೆ ಎಂದರ್ಥ, ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಬಾಗಿಲು ತುಕ್ಕು ಹಿಡಿಯುವುದು ಒಳಗಿನಿಂದ, ಅಲ್ಲಿಂದಲೇ.

ಈಗ ಮತ್ತೆ ಕನ್ನಡಿಗೆ ಬನ್ನಿ. ವೇಗ ಅರ್ಧಕ್ಕೆ ಇಳಿಸಿ. ಗಾಜಿಗೂ ಅದರ ಕವಚಕ್ಕೂ ನಡುವಿನ ಸಂದಿಯಲ್ಲಿ ಮೇಲಿನ ಅಂಚಿನಿಂದ ಒಳಕ್ಕೆ ಊದಿದರೆ ತಳದ ತೂತಿನಿಂದ ನೀರು ಹೊರಬೀಳುತ್ತದೆ. ನಂತರ ಕನ್ನಡಿಯನ್ನು ಮಡಚಿ ಕೀಲಿನ ಸಂದಿಗೆ, ಮತ್ತೆ ಬಿಡಿಸಿ ಇನ್ನೊಂದು ಸಲ. ಪೂರ್ತಿ ವೇಗದಲ್ಲಿ ಗಾಜಿನ ಹಿಂದಕ್ಕೆ ನುಗ್ಗಿಸಿದರೆ ಗಾಜು ತನ್ನ ಹಿಡಿತದಿಂದ ಸಡಿಲಾಗಬಹುದು. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ಒಂದು ಹನಿ ಬಾಗಿಲ ಮೇಲೆ ಗೆರೆ ಎಳೆದಿರುತ್ತದೆ, ಅದಕ್ಕೆ ಬಟ್ಟೆಯ ಮೂಲೆ ಸಾಕು.

ಬಟ್ಟೆಯೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೈ ಬ್ಲೋವರ್ ದೊಡ್ಡ ಹನಿಗಳನ್ನು ಇಳಿಸಿದ ಮೇಲೂ ಮಂಜು ಬಿದ್ದಷ್ಟು ತೇವ ಉಳಿಯುತ್ತದೆ. 600 ಜಿಎಸ್‌ಎಂನ (ಚದರ ಮೀಟರಿಗೆ 600 ಗ್ರಾಂ ತೂಗುವ) ಮೈಕ್ರೋಫೈಬರ್ ಟವೆಲನ್ನು ಅಗಲಕ್ಕೆ ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎತ್ತಿಬಿಡಬೇಕು. ಉಜ್ಜಬಾರದು. ಆ ಟವೆಲನ್ನು ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರವ ಹಾಕಿದರೆ ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ.

ಎಲ್ಲ ಸೇರಿ ಹ್ಯಾಚ್‌ಬ್ಯಾಕ್‌ಗೆ 12 ನಿಮಿಷ, ಎತ್ತರದ ಗಾಡಿಗೆ 20. ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಅಷ್ಟು ಸಮಯ ಸಿಗುವುದಿಲ್ಲ, ಚಾವಣಿ ಮುಗಿಯುವಷ್ಟರಲ್ಲಿ ಬಾಗಿಲು ಆರಿರುತ್ತದೆ. ಅಂಥ ಕಡೆ ಸೂರ್ಯ ಮೇಲೇರುವ ಮುನ್ನವೇ ಶುರುಮಾಡಿ, ಗಾಳಿ ಬಿಡುವ ಭಾಗ ಬಿಟ್ಟು ಉಳಿದದ್ದನ್ನು ಮಳೆನೀರಿನಿಂದ ಮತ್ತೆ ಮತ್ತೆ ತೋಯಿಸುತ್ತಿರಿ. ಬ್ಲೋವರಿನ ಸದ್ದು ಮಾತು ಕೇಳಿಸದಷ್ಟು ಇರುತ್ತದೆ, ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಅಕ್ಕಪಕ್ಕದವರಿಗೂ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು.

ಅಷ್ಟಾಗಿಯೂ ಉಂಗುರ ಬಿದ್ದರೆ ಅದೇ ದಿನ ಬಿಳಿ ವಿನೆಗರ್ ಮತ್ತು ಆರ್‌ಒ ನೀರನ್ನು ಸಮಪಾಲು ಬೆರೆಸಿ ಬಟ್ಟೆಯಲ್ಲಿ ತೋಯಿಸಿ, ಕಲೆಯ ಮೇಲೆ ಒಂದು ನಿಮಿಷ ಇಟ್ಟು, ತೊಳೆದುಬಿಡಿ. ಆ ಜಾಗದ ವ್ಯಾಕ್ಸೂ ಹೋಗಿರಬಹುದು, ಮತ್ತೆ ಹಚ್ಚಿ. ಬೆರಳಾಡಿಸಿದಾಗ ಗುಳಿ ಬಿದ್ದಂತೆ ತಿಳಿದರೆ ವಿನೆಗರಿಗೆ ಹೋಗುವ ಹಂತ ದಾಟಿದೆ, ಪಾಲಿಶ್ ಮಾಡಿಸಬೇಕು.

ಕೊನೆಯದಾಗಿ ಕಾರನ್ನು ಬೀದಿಯ ತುದಿಯವರೆಗೆ ಓಡಿಸಿ, ಮೂರು-ನಾಲ್ಕು ಸಲ ಮೆಲ್ಲಗೆ ಬ್ರೇಕ್ ಒತ್ತುತ್ತೇನೆ. ಡಿಸ್ಕಿನ ಮೇಲಿನ ನೀರೂ, ಅರ್ಧ ಗಂಟೆಯಲ್ಲೇ ಹಿಡಿಯುವ ಕೆಂಪು ತುಕ್ಕಿನ ಪೊರೆಯೂ ಅಷ್ಟರಲ್ಲಿ ಹೋಗುತ್ತವೆ. ಹಿಂದಿರುಗಿ ಬಾಗಿಲುಗಳನ್ನೂ ಡಿಕ್ಕಿಯನ್ನೂ ತೆರೆದು ಹೊಸ್ತಿಲ ಅಂಚನ್ನು ಬೇರೆ ಬಟ್ಟೆಯಲ್ಲಿ ಒರೆಸುತ್ತೇನೆ. ಪೇಂಟಿನ ಟವೆಲ್ ಅಲ್ಲಿಗೆ ಹೋಗಬಾರದು, ಗ್ರೀಸೂ ಮರಳೂ ಇರುವ ಜಾಗ ಅದು.