ವಿಶ್ವವಿದ್ಯಾಲಯದ ಡೈರೆಕ್ಟರಿಯನ್ನು ಫೋನಿಗೆ ಜೋಡಿಸಿದ್ದು

ಕಾರವಾರದಲ್ಲಿ ಕುಳಿತು ದೂರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನನ್ನಂಥವರಿಗೆ ಮಾರ್ಗದರ್ಶಕರ ನಂಬರಿಗಿಂತ ಹೆಚ್ಚಾಗಿ ಬೇಕಾಗುವುದು ಪರೀಕ್ಷಾ ವಿಭಾಗದ, ಲೆಕ್ಕಪತ್ರ ಶಾಖೆಯ ನಂಬರುಗಳು. ಅಲ್ಲಿಯ ಜನ ಬದಲಾಗುತ್ತಲೇ ಇರುತ್ತಾರೆ. ಆದ್ದರಿಂದ ವಿಶ್ವವಿದ್ಯಾಲಯದ ಡೈರೆಕ್ಟರಿಯನ್ನೇ ಐಫೋನಿಗೆ ಜೋಡಿಸಿಕೊಂಡೆ. ಅದು ಎಲ್‌ಡ್ಯಾಪ್ ಸರ್ವರ್‌ನಲ್ಲಿದೆ; ಇಂಥ ಹೆಸರು-ನಂಬರುಗಳ ಪಟ್ಟಿಯನ್ನು ಜಾಲದ ಮೂಲಕ ಹುಡುಕಲು 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವ್ಯವಸ್ಥೆ ಅದು.

ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಖಾತೆಗಳಿಗೆ ಹೋಗಿ, ಹೊಸ ಖಾತೆ ಸೇರಿಸುವಾಗ 'ಅದರ್' ಒತ್ತಿದರೆ ಎಲ್‌ಡ್ಯಾಪ್ ಆಯ್ಕೆ ಸಿಗುತ್ತದೆ. ಸರ್ವರ್ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡ್ ತುಂಬುವುದು ಸುಲಭ. ಎಸ್‌ಎಸ್‌ಎಲ್ (ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುವ ವ್ಯವಸ್ಥೆ) ಚಾಲೂ ಇರಲಿ; ಅದಕ್ಕೆ ರೂಢಿಯ ಪೋರ್ಟ್, ಅಂದರೆ ಸರ್ವರಿನ ಬಾಗಿಲ ಸಂಖ್ಯೆ, 636, ಇಲ್ಲದಿದ್ದರೆ 389. ನಿಜವಾದ ಕೆಲಸವಿರುವುದು 'ಸರ್ಚ್ ಬೇಸ್'ನಲ್ಲಿ. ಡೈರೆಕ್ಟರಿಯ ಯಾವ ಕೊಂಬೆಯಿಂದ ಹುಡುಕಬೇಕು ಎಂದು ಫೋನಿಗೆ ಹೇಳುವುದು ಇದೇ. ಇದನ್ನು ಊಹಿಸಲು ಹೋಗಬೇಡಿ, ಗಣಕ ವಿಭಾಗದವರನ್ನು ಕೇಳಿ ಅಕ್ಷರಶಃ ಬರೆಸಿಕೊಳ್ಳಿ. ಸ್ಕೋಪ್ (ಹುಡುಕಾಟದ ವ್ಯಾಪ್ತಿ) 'ಸಬ್‌ಟ್ರೀ' ಎಂದಿದ್ದರೆ ಒಳಗಿನ ವಿಭಾಗಗಳೂ ಸೇರುತ್ತವೆ. ನಮ್ಮ ಸರ್ವರ್ ಕ್ಯಾಂಪಸ್ಸಿನ ಹೊರಗಿನಿಂದ ವಿಪಿಎನ್ (ಕ್ಯಾಂಪಸ್ ಜಾಲಕ್ಕೆ ದೂರದಿಂದ ಸೇರಿಸುವ ಸುರಕ್ಷಿತ ಸಂಪರ್ಕ) ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಅದನ್ನೂ ಆಗಲೇ ಕೇಳಿಕೊಂಡೆ.

ಇನ್ನು ಹುಡುಕುವ ವಿದ್ಯೆ. ಅಡ್ಡಹೆಸರು ಹಾಕಿ ಹುಡುಕುವುದು ಉತ್ತರ ಕನ್ನಡದವರಿಗೆ ಹೇಳಿದ ಕೆಲಸವಲ್ಲ. ಹೆಗಡೆ, ಭಟ್ಟ ಎಂದರೆ ಸಾಲುಸಾಲು ಹೆಸರು ಬರುತ್ತವೆ; ಸರ್ವರ್ ಒಂದು ಮಿತಿಯ ನಂತರ ನಿಲ್ಲಿಸಿಬಿಟ್ಟರೆ ನಮಗೆ ಬೇಕಾದವರು ಆಚೆಗೇ ಉಳಿಯುತ್ತಾರೆ. ನಾಯ್ಕರದ್ದಂತೂ ಇನ್ನೂ ತೊಡಕು: ಇಂಗ್ಲಿಷಿನಲ್ಲಿ ಐ ಹಾಕುವವರು ಕೆಲವರು, ವೈ ಹಾಕುವವರು ಕೆಲವರು. ನಾನು ಸ್ವಂತ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಒತ್ತುತ್ತೇನೆ. ಮೇಲ್ ಬರೆಯುವಾಗ ವಿಳಾಸದ ಜಾಗದಲ್ಲೂ ಇದೇ ಡೈರೆಕ್ಟರಿಯಿಂದ ಹೆಸರುಗಳು ಬರುತ್ತವೆ. ನನಗೆ ಹೆಚ್ಚು ಉಪಯೋಗವಾದದ್ದು ಅದೇ.

ಡೈರೆಕ್ಟರಿ ಫೋನಿಗೆ ಇಳಿದು ಕೂರುವುದಿಲ್ಲ, ಪ್ರತಿ ಸಲ ಸರ್ವರನ್ನು ಕೇಳಿಯೇ ಉತ್ತರ ಕೊಡುತ್ತದೆ. ನೆಟ್‌ವರ್ಕ್ ಇಲ್ಲದ ಘಟ್ಟದ ತಿರುವಿನಲ್ಲಿ ಏನೂ ಸಿಗದು. ವಿಶ್ವವಿದ್ಯಾಲಯಕ್ಕೆ ಹೊರಡುವ ಹಿಂದಿನ ರಾತ್ರಿಯೇ ಬೇಕಾದ ನಂಬರುಗಳನ್ನು ನನ್ನ ಸಂಪರ್ಕಪಟ್ಟಿಗೆ ಉಳಿಸಿಕೊಳ್ಳುತ್ತೇನೆ.

ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಈ ಎಲ್‌ಡ್ಯಾಪ್ ಆಯ್ಕೆ ಇರುವುದಿಲ್ಲ. ವಿಶ್ವವಿದ್ಯಾಲಯದ ಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನದಾಗಿದ್ದರೆ ಮೊದಲು ಆ ಖಾತೆಯನ್ನು ಫೋನಿಗೆ ಸೇರಿಸಿ ನೋಡಿ. ಸಂಸ್ಥೆಯವರು ಅವಕಾಶ ಕೊಟ್ಟಿದ್ದರೆ ಸಿಬ್ಬಂದಿಯ ಹೆಸರುಗಳು ಅದರಲ್ಲೇ ಸಿಗುತ್ತವೆ.