ಪುಣೆಯಲ್ಲಿ ಸೀತನಿ ಸುಡಲು ಕಲಿತದ್ದು

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬಂದರೆ ನಮ್ಮಲ್ಲಿ ಮುಂದಿನ ಮಾತೆಲ್ಲ ಸೀತನಿಯದೇ. ಹಿಂಗಾರಿ ಜೋಳ ಹಾಲು ತುಂಬಿ, ಇನ್ನೂ ಹಸಿರಾಗಿರುವಾಗಲೇ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿದ ಬಿಸಿ ಕಾಳು. ಕೆಲವು ಊರಲ್ಲಿ ಬೆಳಸಿ ಅನ್ನುತ್ತಾರೆ, ಮಹಾರಾಷ್ಟ್ರದವರಿಗೆ ಅದು ಹುರ್ಡಾ.

ಮದುವೆಯಾಗಿ ಪುಣೆಯ ಕೋಥ್ರೂಡಿಗೆ ಬಂದ ಮೊದಲ ಚಳಿಗಾಲದಲ್ಲೇ ಮಹಾತ್ಮಾ ಫುಲೆ ಮಂಡೈಯಲ್ಲಿ ಹಸಿರು ತೆನೆಗಳ ಕಟ್ಟು ಕಂಡಿತು. ಎದೆ ಝಲ್ ಅಂದಿತು. ಎರಡು ಕಟ್ಟು ಕೊಂಡೆ. ಸಂಜೆ ಮನೆಯಲ್ಲಿ ಬದನೆಕಾಯಿ ಸುಡುವ ಹಾಗೆ ಗ್ಯಾಸಿನ ಉರಿಯ ಮೇಲೆ ತೆನೆ ಹಿಡಿದೆ. ಹೊಟ್ಟು ಸುಟ್ಟು ಕರಕಲಾಯಿತು, ಒಳಗಿನ ಕಾಳು ಹಸಿ. ಉಜ್ಜಿದರೆ ಸಿಪ್ಪೆ ಬಿಡಲೇ ಇಲ್ಲ. ಬಿಟ್ಟ ನಾಲ್ಕು ಕಾಳು ಬಾಯಿಗೆ ಹಾಕಿದರೆ ಸಿಹಿಯೇ ಇಲ್ಲ, ಹಿಟ್ಟು ತಿಂದ ಹಾಗೆ. ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

“ತೆನಿ ಯಾವಾಗ ಮುರದಿದ್ರು?” ಅಂತ ಕೇಳಿದಳು. ಗೊತ್ತಿಲ್ಲ ಅಂದೆ. “ಸೀತನಿ ಮನಿಗೆ ಬರೂದಿಲ್ಲವಾ, ನಾವ ಹೊಲಕ್ಕ ಹೋಗಬೇಕು.”

ಅವ್ವ ಹೇಳಿದ್ದಕ್ಕೆ ಕಾರಣವಿದೆ. ಎಳೆಕಾಳಿನ ಸಿಹಿಯೆಲ್ಲ ಸಕ್ಕರೆಯದು. ತೆನೆ ಮುರಿದ ಮೇಲೂ ಒಳಗೆ ಆ ಸಕ್ಕರೆ ಪಿಷ್ಟವಾಗುತ್ತಲೇ ಹೋಗುತ್ತದೆ. ಎಳೆ ಗೋವಿನಜೋಳದಲ್ಲೂ ಹೀಗೇ. ಬೆಳಿಗ್ಗೆ ಮುರಿದದ್ದನ್ನು ಮಧ್ಯಾಹ್ನ ತಿಂದರೆ ಒಂದು ರುಚಿ, ಮರುದಿನ ತಿಂದರೆ ಬೇರೆಯೇ.

ಮರುವರ್ಷ ಜನವರಿಯಲ್ಲಿ ಪಕ್ಕದ ಮನೆಯವರ ಜೊತೆ ಶಿರೂರಿನ ಹತ್ತಿರ ಅವರ ಕಾಕಾನ ಹೊಲಕ್ಕೆ ಹೋದೆ. ಕಾಕಾ ಅರ್ಧ ಎಕರೆಯಲ್ಲಿ ಹುರ್ಡಾಕ್ಕೆಂದೇ ಸುರ್ತಿ, ಗುಳ್‌ಭೇಂಡಿ ತಳಿಯ ಜೋಳ ಹಾಕಿದ್ದರು. ಭಕ್ರಿಗೆ, ನಮ್ಮ ರೊಟ್ಟಿಗೆ, ಮಾಲ್ದಂಡಿಯೇ ಸೈ. ಸೀತನಿಗೆ ಮಾತ್ರ ಸಿಹಿ ಹೆಚ್ಚಿರುವ, ಸಿಪ್ಪೆ ಬೇಗ ಬಿಡುವ ತಳಿ ಬೇಕು. ನಮ್ಮ ಕಡೆ ಅದಕ್ಕೆ ಸಕ್ಕರಿ ಮುಕ್ಕರಿ ಇದೆ. ಹೆಸರು ಹೇಳಿದರೇ ಬಾಯಲ್ಲಿ ನೀರು ಬರುತ್ತದೆ.

ತೆನೆ ಆರಿಸುವುದೇ ದೊಡ್ಡ ಕೆಲಸ. “ಅಂಗಠ್ಯಾನಂ ದಾಬೂನ್ ಬಘ್” ಅಂದರು ಕಾಕಾ. ಹೆಬ್ಬೆರಳಿನ ಉಗುರಿನಿಂದ ತೆನೆಯ ತುದಿಯ ಕಾಳು ಒತ್ತಿ ನೋಡಿದೆ, ಮೆತ್ತಗೆ ನಾದಿದ ಹಿಟ್ಟಿನಂತಿತ್ತು. ಮುರಿಯಲು ಹೋದೆ. ಕಾಕಾ ಕೈ ಹಿಡಿದು, ಅದೇ ತೆನೆಯ ಬುಡದ ಕಾಳು ಒತ್ತಿ ತೋರಿಸಿದರು. ಹಾಲು ಚಿಮ್ಮಿತು. ಜೋಳದ ತೆನೆ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತದೆ, ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ. ಹಾಗಾಗಿ ತುದಿಯ ಕಾಳು ಬಲಿಯುವಾಗ ಬುಡದ್ದು ಇನ್ನೂ ಎಳೆಯದು. ಅಂದಿನಿಂದ ನಾನು ಒತ್ತುವುದು ನಡುವಿನ ಕಾಳನ್ನು. ಹಾಲು ಚಿಮ್ಮಿದರೆ ಎರಡು ಮೂರು ದಿನ ಬಿಡಬೇಕು. ಉಗುರು ಇಳಿಯದಿದ್ದರೆ ಅದು ರಾಶಿಗೆ. ಉಗುರು ಸಲೀಸಾಗಿ ಇಳಿದು, ಗೀರಿನಲ್ಲಿ ಸ್ವಲ್ಪವೇ ತೇವ ಉಳಿದರೆ ಆಗಲೇ ಮುರಿಯಬೇಕು.

ಬೆಂಕಿಯದೂ ಅಷ್ಟೇ ನಾಜೂಕು. ಗೇಣುದ್ದ ಆಳದ ತಗ್ಗು ತೋಡಿ ಕುಳ್ಳು ಹಚ್ಚುತ್ತಾರೆ, ಅದಕ್ಕೆ ಆಗಟಿ ಅನ್ನುತ್ತಾರೆ. ಉರಿ ಇರುವಷ್ಟು ಹೊತ್ತು ತೆನೆ ಇಡಬಾರದು. ಉರಿ ಆರಿ, ಕೆಂಡದ ಮೇಲೆ ಬೂದಿ ಕೂತ ಮೇಲೆ ತೆನೆಗಳನ್ನು ಕೆಂಡದೊಳಗೆ ಹೂಳಬೇಕು, ದಂಟು ಮಾತ್ರ ಹೊರಗೆ. ದಂಟು ಹಿಡಿದು ತಿರುಗಿಸುತ್ತಾ ಇರಬೇಕು. ಮೊದಲು ಹಸಿ ಮೇವಿನ ವಾಸನೆ. ಆಮೇಲೆ ಚಟ್ ಚಟ್ ಸದ್ದು, ಅದರ ಹಿಂದೆಯೇ ಹಾಲು ಉಕ್ಕಿ ಒಲೆಗೆ ಬಿದ್ದಂಥ ಪರಿಮಳ. ಆಗ ತೆಗೆದುಬಿಡಬೇಕು.

ತೆಗೆದ ತೆನೆ ಆರಿದರೆ ಸಿಪ್ಪೆ ಮತ್ತೆ ಹಿಡಿದುಕೊಳ್ಳುತ್ತದೆ, ಬಿಸಿಯಲ್ಲೇ ಎರಡು ಅಂಗೈ ನಡುವೆ ಉಜ್ಜಬೇಕು. ಮೊದಲ ದಿನ ನನ್ನ ಅಂಗೈ ಕೆಂಪಾಗಿ ಉರಿಯುತ್ತಿತ್ತು. ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ, ಗಿಳಿ ಹಸಿರಿನ ಕಾಳು ಉಳಿಯುತ್ತದೆ, ಅಲ್ಲಲ್ಲಿ ಕಂದು ಚುಕ್ಕೆ. ಹಲ್ಲಿಗೆ ಸಿಕ್ಕರೆ ಚಿಟಕ್ಕನೆ ಒಡೆದು ಸಿಹಿ ಬಿಡುತ್ತದೆ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು ಇದ್ದರೆ ಸಾಕು. ಇಲ್ಲಿ ಶೇವ್ ಬೆರೆಸಿ ತಿನ್ನುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ, ಆ ಖಾರದ ಕೆಳಗೆ ಕಾಳಿನ ಸಿಹಿ ಸತ್ತೇಹೋಗುತ್ತದೆ.

ಪ್ರತಿ ವಾರ ಶಿರೂರಿಗೆ ಹೋಗಲು ಆಗುವುದಿಲ್ಲ. ಅದಕ್ಕೆ ಫ್ಲ್ಯಾಟಿನಲ್ಲಿ ಮಾಡುವ ರೀತಿಯನ್ನೂ ಕಂಡುಕೊಂಡೆ. ಬೆಳಿಗ್ಗೆಯೇ ಮಂಡೈಗೆ ಹೋಗುತ್ತೇನೆ, ತೆನೆ ಬಿಟ್ಟು ಬಿಡಿಸಿದ ಹಸಿ ಕಾಳು ತರುತ್ತೇನೆ. ಯಾವಾಗ ಮುರಿದದ್ದು ಅಂತ ಕೇಳದೆ ಕೊಳ್ಳುವುದಿಲ್ಲ. ರೊಟ್ಟಿಯ ಕಬ್ಬಿಣದ ಹಂಚು ಚೆನ್ನಾಗಿ ಕಾದ ಮೇಲೆ ಒಂದೇ ಹಿಡಿ ಕಾಳು ಹಾಕಿ, ಉಪ್ಪುನೀರು ಚಿಮುಕಿಸಿ, ಎರಡು ನಿಮಿಷ ಮುಚ್ಚುತ್ತೇನೆ. ಆಮೇಲೆ ಮುಚ್ಚಳ ತೆಗೆದು ನೀರು ಆರುವವರೆಗೆ ಕೈಯಾಡಿಸುವುದು. ಎಣ್ಣೆ ಬೇಡ. ಹೆಚ್ಚು ಕಾಳು ಒಮ್ಮೆಲೇ ಸುರಿದರೆ ಹುರಿಯುವುದಿಲ್ಲ, ಬೇಯುತ್ತದೆ. ಕುಳ್ಳಿನ ಹೊಗೆಯ ವಾಸನೆ ಇದಕ್ಕೆ ಬರುವುದಿಲ್ಲ, ಸಿಹಿ ಮಾತ್ರ ಪೂರ್ತಿ ಉಳಿಯುತ್ತದೆ.

ಮಿಕ್ಕ ಕಾಳನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪಿನ ಜೊತೆ ತರಿಯಾಗಿ ರುಬ್ಬಿ, ಹಿಡಿದುಕೊಳ್ಳುವಷ್ಟು ಜೋಳದ ಹಿಟ್ಟು ಸೇರಿಸಿ ಥಾಲಿಪೀಠ ತಟ್ಟುತ್ತೇನೆ. ಮಕ್ಕಳು ಡಬ್ಬಿಗೆ ಇದನ್ನೇ ಕೇಳುತ್ತಾರೆ.

ಈ ಸಲ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಶಿರೂರಿಗೆ ಬರುತ್ತೇವೆ ಅಂತ ಕಾಕಾಗೆ ಹೇಳಿಯಾಗಿದೆ. ಅವ್ವನೂ ಸೊಲ್ಲಾಪುರದ ಮೇಲೆ ರೈಲಿನಲ್ಲಿ ಬರುತ್ತಿದ್ದಾಳೆ. ನನ್ನ ಅಡುಗೆಮನೆಯ ಪ್ಲಾಸ್ಟಿಕ್ ಮೊರದ ಮೇಲೆ ಅವಳಿಗೆ ನಂಬಿಕೆಯಿಲ್ಲ. “ಅದರಾಗ ಹೊಟ್ಟು ಹಾರೂದಿಲ್ಲ, ನಮ್ಮ ಬಿದಿರಿನ ಮರಾನ ತರತೀನಿ” ಅಂದಿದ್ದಾಳೆ.