ಗೀರು ಬೀಳೂದ್ರಾಗ ಸಾಫ್ಟ್‌ವೇರ್ ಡಿಸ್ಕಿಂದು ಕಾಪಿ ತಗದಿಡ್ರಿ

ವಿಜಯಪುರದ ಗಾಂಧಿ ಚೌಕ್ ಹತ್ರ ನಮ್ಮ ಕಾಕಾಂದು ಲಗ್ನಪತ್ರಿಕಿ ಮಾಡೋ ಡಿಟಿಪಿ ಅಂಗಡಿ ಐತಿ. ಹೋದ ಬ್ಯಾಸಗ್ಯಾಗ, ಭರ್ತಿ ಲಗ್ನದ ಸೀಜನ್ನಾಗ, ಕಂಪ್ಯೂಟರ್ ಕೈ ಕೊಡ್ತು. "ಚಿಂತಿ ಮಾಡಬ್ಯಾಡೋ, ವಿಂಡೋಸ್ 7 ಡಿಸ್ಕಿಂದು ಕಾಪಿ ಮಾಡಿಟ್ಟೀನಿ" ಅಂತ ಡ್ರಾದಿಂದ ಒಂದು ಡಿವಿಡಿ ತಗದ್ರು. ಹಾಕಿದ್ರ ಬೂಟೇ ಆಗವಲ್ದು, ಅಂದ್ರ ಆ ಡಿಸ್ಕಿನಿಂದ ಕಂಪ್ಯೂಟರ್ ಶುರುನೇ ಆಗವಲ್ದು. ಕೇಳಿದ್ರ ಒರಿಜಿನಲ್ ಡಿಸ್ಕ್ ತಗದು ಒಳಗಿನ ಫೈಲೆಲ್ಲಾ ಫೋಲ್ಡರಿಗೆ ಎಳದು ಅದನ್ನ ಖಾಲಿ ಡಿಸ್ಕಿಗೆ ಬರ್ನ್ ಮಾಡ್ಯಾರ (ಬರದಾರ). ಇದೇ ತಪ್ಪು ಎಷ್ಟು ಮಂದಿ ಮಾಡ್ಯಾರೋ, ಅದಕ್ಕ ಬರೀಲಾಕತ್ತೀನಿ.

ಮೊದ್ಲ ಡಿಸ್ಕ್ ಒರಸ್ರಿ, ಮೆತ್ತನ ಕಾಟನ್ ಬಟ್ಟಿಲೆ, ನಡುವಿನ ತೂತಿನಿಂದ ಹೊರಗ ನೆಟ್ಟಗ, ದುಂಡಗ ತಿಕ್ಕಬ್ಯಾಡ್ರಿ. ಸಿಡಿ ಇದ್ರ 700 ಎಂಬಿ, ಡಿವಿಡಿ ಇದ್ರ 4.7 ಜಿಬಿದು ಖಾಲಿ ಡಿಸ್ಕ್ ತರ್ರಿ. ವಿಂಡೋಸಿನಾಗ 4.38 ಅಂತ ಕಂಡ್ರ ಅಂಗಡಿಯವ ಮೋಸ ಮಾಡ್ಯಾನ ಅನ್ಕೋಬ್ಯಾಡ್ರಿ, ಡಬ್ಬಿ ಮ್ಯಾಲ 1000ದ ಲೆಕ್ಕ, ಕಂಪ್ಯೂಟರಿನಾಗ 1024ರ ಲೆಕ್ಕ. ಕವರಿಲ್ದ ಹತ್ತಿಪ್ಪತ್ತು ಡಿಸ್ಕ್ ಸುತ್ತಿ ಕೊಡೋ ಅಗ್ಗದ ಮಾಲ್ ಮಾತ್ರ ಬ್ಯಾಡ.

ಈಗ ಖರೇ ಕೆಲಸ. ಡಿಸ್ಕಿನಾಗ ಬೂಟ್ ಆಗಾಕ ಬೇಕಾದ ಭಾಗ ನಿಮಗ ಕಾಣೋ ಫೈಲುಗಳ ಪಟ್ಟಿಯೊಳಗ ಇರಂಗಿಲ್ಲ, ಹಂಗಾಗಿ ಎಳದು ಕಾಪಿ ಮಾಡಿದ್ರ ಅದು ಅಲ್ಲೇ ಉಳೀತೈತಿ. ಅದಕ್ಕ ಇಡೀ ಡಿಸ್ಕಿನ ಪಡಿಯಚ್ಚು, ಅಂದ್ರ ಐಎಸ್ಒ ಇಮೇಜ್ ತಗೀಬೇಕು. ವಿಂಡೋಸಿಗೆ ಇಮೇಜ್ ಬರ್ನ್ ಮಾಡಾಕ ಬರ್ತೈತಿ, ಡಿಸ್ಕಿನಿಂದ ಇಮೇಜ್ ತಗಿಯಾಕ ಬರಂಗಿಲ್ಲ. ನಾ ಇಮ್ಗ್‌ಬರ್ನ್ ಅನ್ನೋ ಸಾಫ್ಟ್‌ವೇರ್ ವಾಪರಸ್ತೀನಿ, ಫ್ರೀ ಐತಿ, ಅದ್ರಾಗ 'ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್' ಒತ್ರಿ. (ಯಾವ ಫ್ರೀ ಸಾಫ್ಟ್‌ವೇರ್ ಹಾಕೋ ಮುಂದನೂ ಕಣ್ಣು ಮುಚ್ಚಿ ನೆಕ್ಸ್ಟ್ ನೆಕ್ಸ್ಟ್ ಅನ್ಕೋತ ಹೋಗಬ್ಯಾಡ್ರಿ, ಬ್ಯಾಡಾದ ಟೂಲ್‌ಬಾರ್ ಬಂದು ಕುಂದರ್ತಾವ.) ನಡುವ ರೀಡ್ ಎರರ್ ಬಂದ್ರ ಇಗ್ನೋರ್ ಒತ್ತಿ ಮುಂದ ಹೋಗಬ್ಯಾಡ್ರಿ, ಹಂಗ ತಗದ ಇಮೇಜಿನಾಗ ತೂತು ಇರ್ತಾವ, ಇನ್ಸ್ಟಾಲ್ ಅರ್ಧಕ್ಕ ನಿಂತಾಗ ಗೊತ್ತಾಗ್ತೈತಿ. ಮತ್ತೊಮ್ಮೆ ಒರಸಿ ಬ್ಯಾರೆ ಡ್ರೈವಿನಾಗ ಹಾಕಿ ನೋಡ್ರಿ, ಒಂದು ಡ್ರೈವ್ ಓದಲಾರದ್ದನ್ನ ಇನ್ನೊಂದು ಓದ್ತೈತಿ.

ಬರ್ನ್ ಮಾಡೋ ಮುಂದ ಎರಡನೇ ತಪ್ಪು ಆಗ್ತೈತಿ. ಮಂದಿ ಆ ಐಎಸ್ಒನ ಉಳಿದ ಫೈಲಿನಂಗ ಡಿಸ್ಕಿಗೆ ಹಾಕಿಬಿಡ್ತಾರ. ಆಮ್ಯಾಲ ಡಿಸ್ಕ್ ತಗದ್ರ ಒಳಗ ಒಂದೇ ಒಂದು ದೊಡ್ಡ ಫೈಲ್ ಕುಂತಿರ್ತೈತಿ, ಆ ಡಿಸ್ಕ್ ಚಾದ ಕಪ್ಪಿನ ಕೆಳಗ ಇಡಾಕ ಅಡ್ಡಿಯಿಲ್ಲ. ಐಎಸ್ಒ ಮ್ಯಾಲ ರೈಟ್ ಕ್ಲಿಕ್ ಮಾಡಿ 'ಬರ್ನ್ ಡಿಸ್ಕ್ ಇಮೇಜ್' ಅನ್ರಿ, 'ವೆರಿಫೈ'ಕ್ಕ ಟಿಕ್ ಹಾಕ್ರಿ (ಬರದದ್ದು ಸರಿ ಐತೇನು ಅಂತ ಓದಿ ನೋಡೋದು), ಟೈಮ್ ಹಿಡೀತೈತಿ ಅಂತ ಬಿಡಬ್ಯಾಡ್ರಿ. ಇಮ್ಗ್‌ಬರ್ನಿನಾಗ ಸ್ಪೀಡೂ ಆರಿಸಬಹುದು, 16ಎಕ್ಸ್ ಡಿವಿಡಿ ಇದ್ರೂ ನಾ 8ಎಕ್ಸ್‌ಗಿಂತ ಮ್ಯಾಲ ಹೋಗಂಗಿಲ್ಲ. ಯುಪಿಎಸ್ ಇಲ್ಲಂದ್ರ ಕರೆಂಟ್ ಹೋಗೋ ಟೈಮಿನಾಗ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ.

ಹೆಸರು ಬರಿಯಾಕ ಮೆತ್ತನ ಮೊನಿ ಮಾರ್ಕರ್, ಬಾಲ್ ಪೆನ್ ಅಲ್ಲ. ಸಿಡಿಯೊಳಗ ಡೇಟಾ ಇರೋದು ಹೆಸರು ಬರಿಯೋ ಬದಿಯ ತೆಳು ಪದರದ ಕೆಳಗನ, ಹಿಂಗಾಗಿ ಮ್ಯಾಲ ಬಿದ್ದ ಗೀರೇ ಜಾಸ್ತಿ ಕೆಡಸ್ತೈತಿ. ಸೀರಿಯಲ್ ಕೀ ಡಬ್ಬಿ ಮ್ಯಾಲ ಇದ್ರ ಅದನ್ನೂ ಬರ್ಕೋರಿ, ಡಿಸ್ಕ್ ಕಾಪಿ ಮಾಡಿದ್ರ ಡಬ್ಬಿ ಮ್ಯಾಲಿಂದು ಬರಂಗಿಲ್ಲ.

ಇಮೇಜನ್ನ ಪೆನ್‌ಡ್ರೈವಿನಾಗೂ ಇಡೋರು ಒಂದು ನೆನಪಿಡ್ರಿ, ಅದರ ಫಾರ್ಮ್ಯಾಟ್ (ಫೈಲ್ ಜೋಡಿಸಿಡೋ ಪದ್ಧತಿ) ಎಫ್ಎಟಿ32 ಇದ್ರ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಂಗಿಲ್ಲ, ಎನ್‌ಟಿಎಫ್ಎಸ್‌ಗೆ ಫಾರ್ಮ್ಯಾಟ್ ಮಾಡಬೇಕು. ಕಾಪಿ ಮಾಡೋದು ತಪ್ಪಲ್ಲೇನು ಅಂತ ಕಾಕಾನೂ ಕೇಳಿದ್ರು. ನಿಮ್ಮದೇ ಲೈಸೆನ್ಸಿನ ಪ್ರೋಗ್ರಾಮಿಗೆ, ಒರಿಜಿನಲ್ ಕೆಟ್ರ ಇರ್ಲಿ ಅಂತ ಬ್ಯಾಕಪ್ ಇಟ್ಕೊಳಾಕ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಾಗ ಅವಕಾಶ ಐತಿ. ಬಾಜು ಅಂಗಡಿಯವಗ ಹಂಚಾಕ ಇಲ್ಲ.

ಕಡೀಕ, ಕಾಪಿ ಹಾಕಿ ಒಮ್ಮೆ ಬೂಟ್ ಮಾಡಿ ನೋಡ್ರಿ. ಕರೀ ಸ್ಕ್ರೀನ್ ಮ್ಯಾಲ 'ಪ್ರೆಸ್ ಎನಿ ಕೀ' ಸಾಲು ಬಂತಂದ್ರ ಬೂಟ್ ಭಾಗ ಬಂದೈತಿ, ಏನೂ ಒತ್ತದ ಸುಮ್ಮ ಬಿಡ್ರಿ, ಹಳೇ ವಿಂಡೋಸೇ ಶುರು ಆಗ್ತೈತಿ.